ಎದೆಯ ಮೇಲಿನ ಮೊಳೆ

ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ರೋಮಿನಲ್ಲಿ ಶಿಲ್ಪಿ ಬ್ರೆನ್ಸಿಯವರ ಬಳಿ ನನ್ನದು ಅಳತೆಯ ಕೆಲಸ. ಅವರು ಪ್ಲಾಸ್ಟರ್ ಮಾದರಿಗೆ ಮೊಳೆ ಹೊಡೆದು ಗುರುತು ಮಾಡುತ್ತಿದ್ದರು. ಮೊಳೆಯ ತಲೆ ಎಷ್ಟು ಆಳದಲ್ಲಿದೆಯೋ ಅಳೆದು, ಅಮೃತಶಿಲೆಯನ್ನು ಅಷ್ಟೇ ಆಳಕ್ಕೆ ನಾನು ಕೊರೆಯುತ್ತಿದ್ದೆ.

ಜ್ವರದಿಂದ ತೀರಿಕೊಂಡ ಲಿವಿಯಾ ಎಂಬ ತರುಣಿಯ ಸಮಾಧಿಗೆ ಪ್ರತಿಮೆ ಕಡೆಯುತ್ತಿದ್ದೆವು. ಮಾದರಿಯ ಎಡ ಎದೆಯ ಕೆಳಗೆ ಒಂದು ಮೊಳೆ ಬೆರಳುದ್ದ ಒಳಗಿಳಿದಿತ್ತು. ಮುಟ್ಟಿದರೆ ಬೇಸಿಗೆಯ ಸೆಕೆಯಲ್ಲೂ ಮಂಜುಗಡ್ಡೆಯಂತೆ ತಣ್ಣಗಿತ್ತು. ಕಲ್ಲಿನಲ್ಲೂ ಅಷ್ಟೇ ಆಳ ಕೊರೆದೆ.

"ಕಲ್ಲು ಕೆಡಿಸಿಬಿಟ್ಯಲ್ಲೋ, ಕುರುಡ! ಅಲ್ಲಿ ನಾನು ಮೊಳೆನೇ ಹೊಡೆದಿಲ್ಲ," ಎಂದು ಬ್ರೆನ್ಸಿ ರೇಗಿದರು.

ಅಷ್ಟರಲ್ಲಿ ಪ್ರತಿಮೆ ನೋಡಲು ಬಂದ ಲಿವಿಯಾಳ ತಾಯಿ ಆ ತೂತಿನ ಮೇಲೆ ಬೆರಳಿಟ್ಟು ನಿಂತುಬಿಟ್ಟರು.

"ಜ್ವರ ಅಂತ ಊರಿಗೆಲ್ಲ ಹೇಳಿದ್ದು ನಾವು ಕಣಪ್ಪ. ಅವಳ ಮೈ ತೊಳೆದವಳು ನಾನೊಬ್ಬಳೇ. ಈ ಗಾಯ ನಿನಗೆ ತೋರಿಸಿದ್ದು ಯಾರು?"

ಮೊಳೆ ತೋರಿಸಲೆಂದು ಮಾದರಿಯತ್ತ ತಿರುಗಿದೆ. ಅಲ್ಲಿ ಮೊಳೆಯಿರಲಿಲ್ಲ. ಹೊಡೆದ ಗುರುತೂ ಇರಲಿಲ್ಲ.