ಗೋಡೆ ಈಚೆ ರೊವೀನಾ, ಆಚೆ ಡೆಲ್ಬರ್ಟ್

ಬಾಗಿಲು ತೆಗೆದಾಗ ರೊವೀನಾಳ ಎರಡೂ ಕೈ ಮೊಣಕೈವರೆಗೆ ಹಿಟ್ಟು. ಎದುರಿಗೆ ನಿಂತವನನ್ನ ನೋಡಿದ್ದೇ, ಆ ಕೈ ಗಾಳೀಲಿ ಹಾಗೇ ನಿಂತ್ಹೋಯ್ತು.

ಡೆಲ್ಬರ್ಟ್...

ಆರು ವರ್ಷ ಆಗಿತ್ತು. ಆರು ವರ್ಷದಲ್ಲಿ ಗಂಡಸು ಅಂದ್ಮೇಲೆ ಒಂಚೂರು ಹೊಟ್ಟೆ ಬರ್ಬೇಕು, ತಲೆ ಬೋಳಾಗ್ಬೇಕು, ಹೋಗ್ಲಿ, ಒಂದು ಹಲ್ಲಾದ್ರೂ ಬಿದ್ದಿರ್ಬೇಕು. ಇವನಿಗೆ ಏನೂ ಆಗಿಲ್ಲ. ದೇವರು ಇಷ್ಟು ಪಕ್ಷಪಾತ ಮಾಡ್ಬಾರ್ದು ಅಂದ್ಕೊಂಡ್ಳು.

"ಗೋಡೆ ಕೊಳೆತಿದೆಯಂತೆ," ಅಂದ. ಕೈಯಲ್ಲಿ ಮೊಳೆ ಕೀಳೋ ಕಬ್ಬಿಣ.

"ನೀನು ಮಾಡಿದ ಗೋಡೆ. ಕೊಳೀದೆ ಇನ್ನೇನಾಗುತ್ತೆ?"

"ಅದಕ್ಕೇ ಬಂದೆ."

ಅಷ್ಟೇ. ಟೋಪಿ ಹಣೆಗೆ ಎಳ್ಕೊಂಡು ಮನೆ ಹಿಂದಕ್ಕೆ ಹೋದ. ರೊವೀನಾ ಒಳಗೆ ಬಂದು ಬಿಸ್ಕಿಟ್ ಹಿಟ್ಟನ್ನ ಎಷ್ಟು ಗುದ್ದಿ ನಾದಿದ್ಳು ಅಂದ್ರೆ, ಅವತ್ತು ಬೆಂದ ಬಿಸ್ಕಿಟ್ಟನ್ನ ಸುತ್ತಿಗೆ ಬದಲು ಬಳಸ್ಬೋದಿತ್ತು.

ರೊವೀನಾದು ಗಾಲಿಮನೆ, ಇಂಥ ಮನೆಗಳನ್ನೇ ಸಾಲಾಗಿ ನಿಲ್ಲಿಸೋ ಬಾಡಿಗೆ ಜಾಗದಲ್ಲಿ, ಅದಕ್ಕೆ ಪಾರ್ಕು ಅಂತಾರೆ. ಅಮ್ಮ ಬಿಟ್ಟು ಹೋದದ್ದು, ರೊವೀನಾಗಿಂತ ಹತ್ತು ವರ್ಷ ದೊಡ್ಡದು. ಹೆಸರಿಗೆ ಗಾಲಿ, ಅಷ್ಟೇ. ಎಳೆದ್ರೆ ಪಾರ್ಕಿನ ಗೇಟು ದಾಟೋದ್ರೊಳಗೆ ಎರಡು ತುಂಡು. ಅಷ್ಟು ಹಳೇದನ್ನ ಬೇರೆ ಯಾವ ಪಾರ್ಕಿನವರೂ ಒಳಗೆ ಬಿಟ್ಕೊಳ್ಳಲ್ಲ. ಅಂಥದ್ರಲ್ಲಿ ಮ್ಯಾನೇಜರ್ ಪ್ರೂಯಿಟ್ ಬಾಗಿಲಿಗೆ ಹಳದಿ ಚೀಟಿ ಅಂಟಿಸಿ ಹೋಗಿದ್ದ. ಶನಿವಾರದೊಳಗೆ ಗೋಡೆ ಸರಿ ಆಗ್ಬೇಕು, ಇಲ್ಲಾಂದ್ರೆ ಮನೆ ಎತ್ಬೇಕು.

ಗೋಡೇದು ಏನು ತಪ್ಪು? ನಮ್ಮ ಅರ್ಕನ್ಸಾ ಸೀಮೆ ಮಳೆ ಅಂದ್ರೆ ಮಳೆ. ಹೋದ ಏಪ್ರಿಲ್‌ನಲ್ಲಿ ಪಕ್ಕದ ಮನೆ ಓಪಲಜ್ಜಿ ಕಾರಿನ ಹಿಂದಿನ ಸೀಟಲ್ಲಿ ಕ್ಯಾಟ್‌ಫಿಶ್ ಮೀನು ಮಲಗಿತ್ತು. ಎಬ್ಬಿಸಿದ್ದಕ್ಕೆ ಅಜ್ಜಿಗೇ ಬೈದು, ಬಾಗಿಲು ದಡಾರ್ ಅಂತ ಹಾಕ್ಕೊಂಡು ಹೋಯ್ತು.

ಆ ಗೋಡೆಗೆ ಹೊರಗಿಂದ ಪ್ಲಾಸ್ಟಿಕ್ ಪಟ್ಟಿ ಹೊಡೆದವನು ಡೆಲ್ಬರ್ಟೇ. ಮದುವೆ ಆಗಿ ಇದೇ ಮನೇಲಿ ಇರೋದು ಅಂತ ಆಗಿತ್ತು. ಹಳೇ ತಗಡು ಕಿತ್ತು, ಅವಳಿಗೆ ಇಷ್ಟ ಅಂತ ಬೆಣ್ಣೆ ಬಣ್ಣದ ಪಟ್ಟಿ ತಂದು, ಒಂದರ ಮೇಲೊಂದು ಹೊಂದಿಸಿ ಹೊಡೆದಿದ್ದ. ಅಷ್ಟರಲ್ಲಿ ಮಿಸಿಸಿಪ್ಪಿ ನದೀಲಿ ಬೋಟಿನ ಕೆಲಸ ಸಿಕ್ತು. ಬಾ, ಇಬ್ರೂ ಹೋಗೋಣ ಅಂದ. ಅಮ್ಮ ಹಾಸಿಗೆ ಹಿಡಿದಿದ್ಳು, ರೊವೀನಾ ಬರಲ್ಲ ಅಂದ್ಳು. ಅವಳು ಬೇಡ ಅಂದದ್ದು ದೂರದ ಊರನ್ನ. ತನ್ನನ್ನೇ ಬೇಡ ಅಂದ್ಳು ಅಂದ್ಕೊಂಡು ಅವನು ಹೊರಟ.

ಆಮೇಲೆ ಗೋಡೆ ಉಬ್ತು, ಮೆತ್ತಗಾಯ್ತು. ಸಿಟ್ಟಿಗೆ ಒಂದು ಜಾಗ ಸಿಕ್ತು ರೊವೀನಾಗೆ. ಡೆಲ್ಬರ್ಟನ ಕೆಲಸ ಅಂದ್ರೆ ಹಿಂಗೇ, ನಂಬಬೇಡಿ ಅಂತ ಅವಳು ಅಡುಗೆ ಮಾಡೋ ಶಾಲೇಲಿ, ಚರ್ಚಲ್ಲಿ, ಬಟ್ಟೆ ಒಗೆಯೋ ಅಂಗಡೀಲಿ, ಎಲ್ಲಾ ಕಡೆ ಹೇಳಿದ್ಳು. ಮಾತು ಮೂವತ್ತು ಮೈಲಿ ಹೋಯ್ತು. ಈ ವಸಂತದಲ್ಲಿ ಅವನು ಬೋಟು ಬಿಟ್ಟು ಊರಿಗೆ ಬಂದಾಗ, ಅವನು ಕಟ್ಟಿದ ಗೂಡಿಗೆ ಕೋಳಿ ಸಹ ಕಾಲಿಡಲ್ಲ ಅನ್ನೋ ಹಾಗಾಗಿತ್ತು. ಒಂದು ಕೆಲಸ ಸಿಗಲಿಲ್ಲ.

ಅದಕ್ಕೆ ಬಂದಿದಾನೆ, ಹೆಸರು ಉಳಿಸ್ಕೊಳ್ಳೋಕೆ. ನನಗೋಸ್ಕರ ಅಲ್ಲ... ಅಂದ್ಕೊಂಡ್ಳು ರೊವೀನಾ.

ಮಾರನೇ ದಿನ ಗುರುವಾರ, ಅವಳು ಶಾಲೆಯಿಂದ ಬರೋ ಹೊತ್ತಿಗೆ ಪಟ್ಟಿ ಎಲ್ಲಾ ಬಿಚ್ಚಿದ್ದ. ಕೊಳೆತ ಮರ, ಚಳಿ ತಡೀಲಿ ಅಂತ ಗೋಡೆಯೊಳಗೆ ತುಂಬಿದ್ದ ನೆಂದ ಹತ್ತಿ, ಎಲ್ಲಾ ಹೊರಗೆ ರಾಶಿ. ಈಗ ಅವಳ ಮಲಗೋ ಕೋಣೆಗೂ ಹೊರಗಿನ ಜಗತ್ತಿಗೂ ನಡುವೆ ಇದ್ದದ್ದು ಒಂದೇ ತೆಳ್ಳನೆ ಹಲಗೆ, ಬೂಟಿನ ಡಬ್ಬದ ರಟ್ಟಿನಷ್ಟು ದಪ್ಪ.

ಅವಳು ಮಂಚದ ಮೇಲೆ ಕೂತು, ಸದ್ದು ಮಾಡದೆ ಬೆನ್ನನ್ನ ಆ ಹಲಗೆಗೆ ಒರಗಿಸಿದ್ಳು.

ಆಚೆ ಅವನ ಉಸಿರು ಕೇಳಿಸ್ತು. ಪೆನ್ಸಿಲ್ ಗೀಚೋದು ಕೇಳಿಸ್ತು. ಅಳತೆ ಗೊಣಗ್ತಿದ್ದ, ಹದಿನಾಲ್ಕೂವರೆ, ಹದಿನಾಲ್ಕೂವರೆ ಅಂತ. ಮೊದಲೂ ಹಿಂಗೇ ಎರಡೆರಡು ಸಲ ಹೇಳ್ತಿದ್ದ. ಅವಳ ಹೆಸರನ್ನೂ ಎರಡು ಸಲವೇ ಕರೀತಿದ್ದ.

ಒಂದು ಸಲ ಕರಿ... ಒಂದೇ ಸಲ ಸಾಕು...

"ರೊವೀನಾ, ಅಲ್ಲಿದ್ದೀಯಾ?"

"ಇಲ್ಲ," ಅಂದ್ಳು.

ಆಚೆ ಅವನು ಹಲಗೆಗೆ ಬೆರಳಲ್ಲಿ ಎರಡು ಸಲ ತಟ್ಟಿದ.

"ಹಾಗಾದ್ರೆ ಅಲ್ಲಿ ಇಲ್ಲದವಳು ಸ್ವಲ್ಪ ಪಕ್ಕಕ್ಕೆ ಸರೀಲಿ. ಇಲ್ಲಿ ಮೊಳೆ ಬರುತ್ತೆ."

ಅವಳು ಸರಿದ್ಳು, ಒಂದು ಗೇಣು ಮಾತ್ರ. ಪ್ರತಿ ಏಟೂ ಹಲಗೆ ದಾಟಿ ಅವಳ ಬೆನ್ನಿಗೆ ಬಂತು. ಬಾಯಿಗೆ ದಿಂಬು ಒತ್ಕೊಂಡು ಅತ್ತಳೋ, ನಕ್ಕಳೋ, ಅವಳಿಗೇ ಗೊತ್ತಾಗ್ಲಿಲ್ಲ. ಗೋಡೆ ಇನ್ನೊಂದಿಷ್ಟು ಕೊಳೆತಿರಬಾರದಿತ್ತಾ ಅನ್ನಿಸ್ತು. ಮನೆಯ ನಾಲ್ಕೂ ಕಡೆ ಕೊಳೆತಿದ್ರೆ ಕ್ರಿಸ್ಮಸ್‌ವರೆಗೂ ಇರ್ತಿದ್ದ.

ಶುಕ್ರವಾರ ಸಿಹಿ ಐಸ್ ಟೀ ತಗೊಂಡು ಹೊರಗೆ ಹೋದ್ಳು. ಬಾಯಾರಿದವರಿಗೆ ನೀರು ಕೊಡೋದು ಪ್ರೀತಿ ಅಲ್ಲ, ಬರೀ ಮರ್ಯಾದೆ ಅಂತ ದಾರಿಯುದ್ದಕ್ಕೂ ತನಗೇ ಹೇಳ್ಕೊಂಡ್ಳು. ದಾರಿ ಹದಿನೆಂಟು ಹೆಜ್ಜೆ.

ಅವನು ಮೆಟ್ಟಿಲ ಮೇಲೆ ಕೂತು, ಬಿಚ್ಚಿದ ಹಳೇ ಪಟ್ಟಿಗಳನ್ನ ತೊಡೆ ಮೇಲಿಟ್ಟು, ಸಣ್ಣ ಚಾಕುವಿನಲ್ಲಿ ಕೆಳಗಿನ ಅಂಚನ್ನ ಕೆರೀತಿದ್ದ. ಒಂದೊಂದೇ ತೂತಿಂದ ಬಿಳಿ ಅಂಟು ಹುಳದ ಹಾಗೆ ಈಚೆ ಬರ್ತಿತ್ತು.

ಏನದು ಅಂತ ಕೇಳಿದ್ಳು.

ಪಟ್ಟಿ ಹಿಂದೆ ಹೆಂಗೂ ನೀರು ಹೋಗುತ್ತೆ, ಯಾವ ಮಗನ ಕೈಲೂ ಅದನ್ನ ತಡೆಯೋಕಾಗಲ್ಲ, ಅದು ಇಳಿದು ಹೋಗ್ಲಿ ಅಂತ ಅಡಿಯಲ್ಲಿ ತೂತು ಇರುತ್ತೆ ಅಂತ ತಲೆ ಎತ್ತದೆ ಹೇಳಿದ. ತೂತು ಮುಚ್ಚಿದವರು ಯಾರು ಅಂತ ಹೇಳಲಿಲ್ಲ.

ರೊವೀನಾ ಗ್ಲಾಸನ್ನ ಅವನ ಪಕ್ಕ ಮೆಟ್ಟಿಲ ಮೇಲೆ ಇಟ್ಳು.

ಅವಳೇ. ಅವನು ಹೋದ ಮೊದಲ ಚಳಿಗಾಲ ಗಾಳಿ ಒಳಗೆ ನುಗ್ತಿದೆ ಅನ್ನಿಸಿತ್ತು. ಮಂಡಿ ಊರಿ, ಟ್ಯೂಬುಗಟ್ಟಲೆ ಅಂಟು ಹಿಂಡಿ, ಕಂಡ ತೂತಿಗೆಲ್ಲಾ ಮೆತ್ತಿದ್ಳು. ಮುಂದಿನ ವರ್ಷ ಮತ್ತೆ. ಅದರ ಮುಂದಿನ ವರ್ಷವೂ ಮತ್ತೆ. ಗೋಡೆ ಕೊಳೆಸಿದ್ದು ಅವನ ಕೆಲಸ ಅಲ್ಲ, ಅವಳ ಕೈ.

ಈಗ ಹೇಳ್ತಾನೆ, ಈಗ ಬೈತಾನೆ ಅಂತ ಕಾದ್ಳು. ಅವನು ಟೀ ಕುಡಿದು, ಚೆನ್ನಾಗಿದೆ ಅಂದು, ಮುಂದಿನ ತೂತಿಗೆ ಚಾಕು ಹಾಕಿದ.

ಶನಿವಾರ ಪಾರ್ಕಿಗೆ ಪಾರ್ಕೇ ಬಂತು. ನಮ್ಮಲ್ಲಿ ಒಬ್ಬ ಕೆಲಸ ಮಾಡ್ತಿದ್ರೆ ಉಳಿದವರು ಮಡಚೋ ಕುರ್ಚಿ ತಂದು ಕೂತು ನೋಡೋದು ಪದ್ಧತಿ. ಓಪಲಜ್ಜಿ ಬೆಳಗ್ಗೆ ಆರಕ್ಕೇ ಮುಂದಿನ ಸಾಲು ಹಿಡಿದಿದ್ಳು, ಮಡಿಲಲ್ಲಿ ಬೇಯಿಸಿದ ಕಡಲೆಕಾಯಿ. ಕೊನೇ ಪಟ್ಟಿ ಟಕ್ ಅಂತ ಕೂತಾಗ ಚಪ್ಪಾಳೆ ಬಿತ್ತು.

ಪ್ರೂಯಿಟ್ ಬಂದು ಗೋಡೆ ಒತ್ತಿ ನೋಡಿದ, ಗುದ್ದಿ ನೋಡಿದ. ಹಳದಿ ಚೀಟಿ ಕಿತ್ತು ಜೇಬಿಗೆ ಹಾಕ್ಕೊಂಡ. ಮನೆ ಉಳೀತು. ಆಮೇಲೆ ಎಲ್ಲರಿಗೂ ಕೇಳೋ ಹಾಗೆ, ಇಷ್ಟು ಚೆನ್ನಾಗಿ ಕೆಲಸ ಬರೋನು ಹೋದ್ಸಲ ಯಾಕಪ್ಪಾ ಹಂಗೆ ಕೆಡಿಸಿದೆ ಅಂತ ಕೇಳಿದ.

ಡೆಲ್ಬರ್ಟ್ ಸುತ್ತಿಗೆ ಒರೆಸ್ತಿದ್ದ. ರೊವೀನಾ ಕಡೆ ನೋಡ್ಲಿಲ್ಲ.

"ಆಗ ಸರಿಯಾಗಿ ಬರ್ತಿರ್ಲಿಲ್ಲ," ಅಂದ. "ತಪ್ಪು ನಂದೇ."

ಕುರ್ಚಿಗಳಲ್ಲಿ ಗುಸುಗುಸು. ಹೂಂ, ನೋಡ್ದಾ, ಅವಳು ಹೇಳಿದ್ದು ನಿಜ ಅನ್ನೋ ತಲೆಗಳು. ಅವನು ಉಪಕರಣ ಎಲ್ಲಾ ತನ್ನ ಪಿಕಪ್ ಗಾಡಿಗೆ ತುಂಬೋಕೆ ಶುರು ಮಾಡಿದ.

ಮನೆ ಉಳಿದಿದೆ. ಸುಮ್ಮನಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ಅವನು ಹೋಗ್ತಾನೆ. ಕೆಲಸ ಸಿಗದೆ ಮತ್ತೆ ನದಿಗೇ ಹೋಗ್ತಾನೆ...

"ಸುಳ್ಳು," ಅಂದ್ಳು ರೊವೀನಾ.

ಓಪಲಜ್ಜಿ ಬಾಯಲ್ಲಿ ಕಡಲೆಕಾಯಿ ನಿಂತ್ಹೋಯ್ತು.

"ಅವನ ಕೆಲಸ ಸರಿಯಾಗೇ ಇತ್ತು. ನೀರು ಹೋಗೋ ತೂತೆಲ್ಲಾ ಮುಚ್ಚಿದ್ದು ನಾನು. ಪ್ರತಿ ವರ್ಷ, ನನ್ನ ಕೈಯಾರೆ. ಊರೆಲ್ಲಾ ಅವನನ್ನ ಬೈದದ್ದೂ ನಾನೇ. ನಾನು ಹೇಳಿದ್ದನ್ನ ಯಾರ್ಯಾರಿಗೆ ಹೇಳಿದ್ರೋ, ಅವರಿಗೆಲ್ಲಾ ಇದನ್ನೂ ಹೇಳಿ."

ಓಪಲಜ್ಜಿ ಕಡಲೆಕಾಯಿ ನುಂಗಿ, ಹಂಗಾದ್ರೆ ಸೋಮವಾರ ನನ್ನ ವರಾಂಡ ನೋಡೋಕೆ ಬರ್ತೀಯೇನಪ್ಪಾ ಅಂತ ಕೇಳಿದ್ಳು. ಹಿಂದಿಂದ ಇನ್ನಿಬ್ಬರು ಮಂಗಳವಾರ, ಬುಧವಾರ ಅಂದ್ರು. ಆಮೇಲೆ ಅಜ್ಜಿಗೇ ಏನು ಹೊಳೀತೋ, ಏಳಿ ಏಳಿ, ಇದು ನಮಗೆ ನೋಡೋದಲ್ಲ ಅಂತ ಎಲ್ಲರನ್ನೂ ಕುರ್ಚಿ ಸಮೇತ ಓಡಿಸಿದ್ಳು.

ಇಬ್ಬರೇ ಉಳಿದ್ರು. ಮಧ್ಯಾಹ್ನದ ಬಿಸಿಲು.

"ಗುರುವಾರವೇ ಗೊತ್ತಾಗಿತ್ತಲ್ವಾ ನಿಂಗೆ?" ಅಂದ್ಳು. "ಯಾಕೆ ಹೇಳ್ಲಿಲ್ಲ?"

"ಆರು ವರ್ಷದ ಅಂಟು ಇತ್ತು ಅಲ್ಲಿ. ಒಂದರ ಮೇಲೊಂದು." ಅವನು ಟೋಪಿ ತೆಗೆದ. "ಅಷ್ಟು ಚಳೀಲಿ ಒಬ್ಬಳೇ ಮಂಡಿ ಊರಿದ್ದಳಲ್ಲಾ ಅನ್ನಿಸ್ತು. ನಾನಿದ್ದಿದ್ರೆ ಆ ಚಳಿ ಇರ್ತಿರ್ಲಿಲ್ಲ. ಅದಕ್ಕೇ ತಪ್ಪು ನಂದು ಅಂದೆ. ಸುಳ್ಳಲ್ಲ."

ಅವಳ ಕಣ್ಣು ತುಂಬ್ತು. ಒರೆಸ್ಕೊಳ್ಳಲಿಲ್ಲ.

"ಅವತ್ತು ಬರಲ್ಲ ಅಂದದ್ದು ಆ ಊರಿಗೆ ಕಣೋ. ನಿನಗಲ್ಲ. ನಿನಗೆ ಯಾವತ್ತೂ ಅಂದಿಲ್ಲ."

ಗಾಡಿ ಬಾಗಿಲು ತೆರೆದಿತ್ತು, ಡೆಲ್ಬರ್ಟ್ ಮುಚ್ಚಿದ.

"ಒಲೆ ಮೇಲೆ ಬೀನ್ಸ್ ಇಟ್ಟಿದ್ದೀನಿ," ಅಂದ್ಳು ಅವಳು.

"ಊಟ ಆದ್ಮೇಲೆ?"

"ಆದ್ಮೇಲೆ ಪಾತ್ರೆ ಇರುತ್ತೆ. ನಾನು ತೊಳೀತೀನಿ, ನೀನು ಒರೆಸು."

"ಪಾತ್ರೆ ಆದ್ಮೇಲೆ?"

"ನಾಳೇನೂ ಹಸಿವಾಗುತ್ತಲ್ಲ, ಡೆಲ್ಬರ್ಟ್. ನಾಡಿದ್ದೂ ಆಗುತ್ತೆ."

ಅವನು ನಕ್ಕ. ಮೆಟ್ಟಿಲ ಹತ್ತಿರ ಬೂಟು ಬಿಚ್ಚಿಟ್ಟ.

"ಹಾಗಾದ್ರೆ ಇರ್ತೀನಿ, ರೊವೀನಾ," ಅಂದ. ಒಳಗೆ ಕಾಲಿಡ್ತಾ, ಮೆಲ್ಲಗೆ ಇನ್ನೊಂದ್ಸಲ ಅಂದ, "ಇರ್ತೀನಿ."