ಕೆಂಪೇರಿದ ತಾಯಿತೊಟ್ಟಿ

ತಾಯಿತೊಟ್ಟಿಯ ಒಂದು ಮಗ್ಗುಲು ಕೆಂಪೇರಿದ್ದನ್ನು ಕಂಡಾಗ ಅವಳಿಗೆ ಮೊದಲು ನೆನಪಾದದ್ದು ಹೊಸ ಎಲೆಕ್ಟ್ರಿಷಿಯನ್ನನ ಮುಖ. ಎಲ್ಲರೂ ಅವನನ್ನು ಲೈಟಪ್ಪ ಎನ್ನುತ್ತಿದ್ದರು.

ಕಾರ್ಖಾನೆಯಲ್ಲಿ ಅವಳು ನೋಡಿಕೊಳ್ಳುವ ಹಸಿರು ಕೋಣೆ ಅವಳ ಪಾಲಿಗೆ ಸಂಸಾರವಿದ್ದ ಹಾಗೆ. ಅಲ್ಲಿನ ಗಾಜಿನ ತೊಟ್ಟಿಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮಂದ ಬೆಳಕಿನಲ್ಲಿ, ಹೊಟ್ಟೆ ತುಂಬ ಉಂಡು, ಹಸಿರಾಗಿ ಬೆಳೆಯಬೇಕು. ಆಮೇಲೆ ಪಕ್ಕದ ಕೋಣೆಗೆ ಸಾಗಿಸಿ, ಉಪವಾಸ ಕೆಡವಿ, ಪ್ರಖರ ದೀಪ ಹಾಕಿದರೆ ಅದು ಜೀವ ಉಳಿಸಿಕೊಳ್ಳಲು ಮೈಯೆಲ್ಲ ಕೆಂಪು ತುಂಬಿಕೊಳ್ಳುತ್ತದೆ. ಕಾರ್ಖಾನೆ ಮಾರುವುದು ಆ ಕೆಂಪನ್ನೇ. ತಾಯಿತೊಟ್ಟಿ ಮಾತ್ರ ಕೆಂಪಾಗಕೂಡದು. ಉಳಿದೆಲ್ಲ ತೊಟ್ಟಿಗಳಿಗೂ ಬೀಜ ಹೋಗುವುದು ಅದರಿಂದ.

"ಅವತ್ತೇ ಹೇಳ್ಲಿಲ್ವೇನೇ ನಾನು?" ಒಣಗಿಸುವ ಕೋಣೆಯ ಅಕ್ಕ ಕಣ್ಣರಳಿಸಿದಳು. "ಮುಂಚೆ ಅವನು ನಮ್ಮ ಥರಾನೇ ಬಣ್ಣ ಮಾರೋ ಆ ಇನ್ನೊಂದು ಕಂಪನೀಲಿದ್ದ. ನಿನ್ನ ಬೀಜ ಕೆಡಿಸೋಕೇ ಬಂದಿದಾನೆ. ಇಲ್ದಿದ್ರೆ ನೀನು ಊಟಕ್ಕೆ ಎಷ್ಟೊತ್ತಿಗೆ ಹೋಗ್ತೀಯ ಅಂತ ಅವನಿಗ್ಯಾಕೆ?"

"ನನ್ನ ಹತ್ರಾನೂ ಕೇಳಿದ್ರು."

"ಕೇಳಿದಾಗ ನೀನು ನಾಚ್ಕೊಂಡೆ."

"ಯಾರು ನಾಚ್ಕೊಂಡಿದ್ದು? ಬಿಸಿಲಿಂದ ಬಂದಿದ್ದೆ, ಅಷ್ಟೇ."

ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ನಯವಾಗಿ ಮಾತಾಡುವ ಗಂಡನನ್ನು ನಂಬಿ ಕೈ ಸುಟ್ಟುಕೊಂಡು ಹೊರಬಂದವಳು ತಾನು. ಆದರೂ ಏಣಿ ಹೊತ್ತ ಈ ಮನುಷ್ಯ ಬಾಗಿಲಲ್ಲಿ ತಲೆ ಬಗ್ಗಿಸಿ, ಓರೆಗಣ್ಣಲ್ಲಿ ನೋಡಿ ನಕ್ಕರೆ ಪಿಪೆಟ್‌ನಿಂದ ಎಷ್ಟು ಹನಿ ಬಿಟ್ಟೆನೆಂಬ ಲೆಕ್ಕವೇ ತಪ್ಪುತ್ತಿತ್ತು.

ಸಂಜೆ ಯಜಮಾನರು ಬರುವವರಿದ್ದರು. ತಪ್ಪು ಅವನದೆಂದು ತೋರಿಸಿದರೆ ಅವನ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ತನ್ನದು.

ಮಧ್ಯಾಹ್ನ ಊಟಕ್ಕೆ ಹೋದಂತೆ ಮಾಡಿ ಕಪ್ಪು ಪರದೆಯ ಹಿಂದೆ ನಿಂತಳು. ಅವನು ಬಂದ. ಅವಳ ಮೇಜಿನ ಪಕ್ಕ ಏಣಿ ನಿಲ್ಲಿಸಿ ಹತ್ತಿದ. ಮೇಜಿನ ಮೇಲೆ ತೂಗುತ್ತಿದ್ದ ದೀಪಕ್ಕೆ ಕೈ ಹಾಕಿದ.

"ಸಿಕ್ಕಿಬಿದ್ರಿ!"

ಏಣಿ ಅಲುಗಾಡಿತು. "ಮೇಡಂ, ಊಟಕ್ಕೆ ಹೋಗ್ಲಿಲ್ವಾ?"

"ನಾನು ಹೋಗೋದನ್ನೇ ಕಾಯ್ತಿರ್ತೀರಲ್ಲ! ಯಾರು ಕಳಿಸಿದ್ದು ನಿಮ್ಮನ್ನ?"

"ಯಾರೂ ಇಲ್ಲ." ಅವನ ಕಿವಿ ಕೆಂಪಾಯಿತು. "ನೀವು ಹಾಳೇನ ಮೂಗಿಗೆ ತಾಗಿಸ್ಕೊಂಡು ಬರೀತೀರಿ. ನೋಡೋಕಾಗ್ಲಿಲ್ಲ. ಕೇಳಿದ್ರೆ ಬೇಡ ಅಂತೀರಿ ಅಂತ, ದಿನಾ ಚೂರು ಚೂರೇ ಬೆಳಕು ಜಾಸ್ತಿ ಮಾಡ್ತಾ ಬಂದೆ."

ಬರೆಯುವಾಗ ಬರುತ್ತಿದ್ದ ತಲೆನೋವು ಈಚೆಗೆ ಬಂದಿರಲಿಲ್ಲ, ನಿಜ. ಆದರೂ ಇದು ಇನ್ನೊಂದು ನಯದ ಮಾತಲ್ಲವೆಂದು ಹೇಗೆ ನಂಬುವುದು? ತಲೆ ಎತ್ತಿ ನೋಡಿದಳು. ಬೆಳಕು ಅವಳ ಕಣ್ಣಿಗೆ ನೇರವಾಗಿ ಕುಕ್ಕದಂತೆ ದೀಪದ ಮುಂಬದಿಗೆ ರಟ್ಟಿನ ಮರೆ ಇತ್ತು. ಅಂಚನ್ನು ಮಡಚಿ, ದಾರದಿಂದ ಹೊಲಿದಿದ್ದ. ಗಂಡಸಿನ ಹೊಲಿಗೆ, ಒಂದೂ ನೆಟ್ಟಗಿರಲಿಲ್ಲ. ಆ ಮರೆಗೆ ಬಡಿದ ಬೆಳಕೆಲ್ಲ ಹಿಂದಕ್ಕೆ ತಿರುಗಿ, ಅಲ್ಲಿದ್ದ ತಾಯಿತೊಟ್ಟಿಯ ಮೇಲೆ ಬಿದ್ದಿತ್ತು.

"ಹಿಂದೆ ಏನಾಗಿದೆ ನೋಡಿ."

ಅವನು ತಿರುಗಿದ. ಮುಖ ಬಿಳಿಚಿತು. "ಅಯ್ಯೋ! ನನ್ನಿಂದಾನಾ? ಯಜಮಾನ್ರಿಗೆ ನಾನೇ ಹೇಳ್ತೀನಿ ಮೇಡಂ."

ಸಂಜೆ ಯಜಮಾನರು ತೊಟ್ಟಿಯ ಮುಂದೆ ನಿಂತು ಗುಡುಗಿದರು. "ಇಲ್ಲಿ ಇಷ್ಟು ಬೆಳಕು ಯಾರು ಹಾಕಿದ್ದು?"

ಅವನು ಬಾಯಿ ತೆರೆಯುವ ಮೊದಲೇ ಅವಳು ಮುಂದೆ ಬಂದಳು. "ನಾನೇ ಹಾಕಿಸಿದ್ದು ಸಾರ್. ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ. ಮಂದ ಬೆಳಕಲ್ಲಿಟ್ಟು ಊಟ ಕೊಟ್ರೆ ಮತ್ತೆ ಹಸಿರಾಗುತ್ತೆ. ನನ್ನ ಜವಾಬ್ದಾರಿ."

"ಆಗ್ಲಿಲ್ಲ ಅಂದ್ರೆ ನಿಮ್ಮನ್ನೇ ಕೇಳ್ತೀನಿ," ಎಂದು ಗೊಣಗುತ್ತ ಅವರು ಹೋದರು.

"ಯಾಕೆ ಸುಳ್ಳು ಹೇಳಿದ್ರಿ?" ಅವನ ದನಿ ತಗ್ಗಿತ್ತು.

"ನಿಮ್ಮ ಮೇಲೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಕಣ್ಣೆದುರಿಗಿದ್ರೆ ಕಾವಲು ಕಾಯೋದು ಸುಲಭ."

"ಎಷ್ಟು ದಿನ ಕಾಯ್ತೀರಿ?"

ಈ ಸಲ ಬಿಸಿಲಿನ ನೆಪವೂ ಇರಲಿಲ್ಲ. ಕೆನ್ನೆ ಬಿಸಿಯಾದದ್ದನ್ನು ಅವಳು ಮುಚ್ಚಿಕೊಳ್ಳಲು ಹೋಗಲಿಲ್ಲ.

"ಮೊದ್ಲು ನಡೀರಿ. ನಿಮ್ಮನ್ನ ಹಿಡಿಯೋಕೆ ಹೋಗಿ ನಂಗೆ ಊಟಾನೇ ಆಗಿಲ್ಲ."