ಸಾರಾಯಿ ಅಂಗಡಿಯ ಪರವಾನಿಗೆ ಕಳವು

ಮುಂಡರಗಿ ಠಾಣೆಗೆ ಆ ಫಿರ್ಯಾದಿ ಬಂದದ್ದು 1979ರ ಜೂನ್ 12, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ. ತಂದವನು ಪಕ್ಕದ ಹಳ್ಳಿಯ ಸಾರಾಯಿ ಗುತ್ತಿಗೆದಾರ ಹೇಮಪ್ಪ. ಫೌಜದಾರ ದತ್ತಾತ್ರಿಯವರು ಹದಿನೆಂಟು ವರ್ಷದ ನೌಕರಿಯಲ್ಲಿ ಎತ್ತಿನ ಕಳವು ಕಂಡಿದ್ದರು, ತಾಳಿಯ ಕಳವು ಕಂಡಿದ್ದರು. ಇಂಥದ್ದನ್ನು ಕಂಡಿರಲಿಲ್ಲ.

“ಏನ ಹೋಗೈತಿ?”

“ಲೈಸನ್ಸ್ ರೀ ಸಾಹೇಬ್ರ. ಗ್ವಾಡಿಗೆ ತೂಗಹಾಕಿದ್ದು.”

“ಗಲ್ಲಾಪೆಟ್ಟಿಗಿ?”

“ಮುಟ್ಟಿಲ್ರಿ.”

“ಸಾರಾಯಿ?”

“ಒಂದ ಹನಿ ಹೋಗಿಲ್ರಿ!” ಹೇಮಪ್ಪನಿಗೆ ಅದೇ ದೊಡ್ಡ ಅವಮಾನವಾದಂತಿತ್ತು.

ಪರವಾನಿಗೆ ಗೋಡೆಯ ಮೇಲೆ ಕಾಣುವಂತೆ ಇಲ್ಲದಿದ್ದರೆ ಅಂಗಡಿ ತೆರೆಯುವಂತಿಲ್ಲ. ನಕಲು ಪಡೆಯಲೂ ಪೊಲೀಸ್ ಫಿರ್ಯಾದಿ ಬೇಕು. ಅದಕ್ಕೇ ಅವನು ಬೆವರುತ್ತ ಓಡಿಬಂದಿದ್ದ. ಎಫ್.ಐ.ಆರ್. ದಾಖಲಾಯಿತು, ಒಂದು ಪ್ರತಿ ಕೋರ್ಟಿಗೆ ಹೋಯಿತು.

ಮಧ್ಯಾಹ್ನ ಹನ್ನೆರಡೂ ಕಾಲಿಗೆ ಸ್ಥಳ ಪರಿಶೀಲನೆ. ಅಂಗಡಿಗೂ ಪ್ರಾಥಮಿಕ ಶಾಲೆಗೂ ನಡುವೆ ಒಂದೇ ಗೋಡೆ. ಬಾಗಿಲಿನ ಕೀಲಿ ಒಡೆದಿರಲಿಲ್ಲ. ಗಾಜಿನ ಚೌಕಟ್ಟು ಮೊಳೆಯಲ್ಲೇ ನೇತಾಡುತ್ತಿತ್ತು, ಒಳಗಿನ ಕಾಗದ ಮಾತ್ರ ಇಲ್ಲ.

“ಕಳ್ಳ ಭಾಳ ಸಂಭಾವಿತ ಅದಾನ್ರಿ ಸಾಹೇಬ್ರ,” ಎಂದ ಪೇದೆ ಗೋಣೆಪ್ಪ. “ಗಾಜು ಒರಸಿಟ್ಟ ಹೋಗ್ಯಾನ.”

ದತ್ತಾತ್ರಿಯವರು ಗಾಜನ್ನೂ ನೋಡಿದರು, ಗುಡಿಸಿದ ನೆಲವನ್ನೂ ನೋಡಿದರು. “ಮುಂಜಾನೆ ಬಾಗಲಾ ತೆಗಿಯೋರು ಯಾರು?”

“ಕಸಾ ಹೊಡಿಯೋ ಕರಿಯವ್ವ,” ಎಂದ ಹೇಮಪ್ಪ. “ಕೀಲಿ ಆಕಿ ಕಡೇನ ಇರ್ತೈತಿ. ಆಕಿ ಯಾಕ ಒಯ್ತಾಳ್ರಿ, ಹೆಬ್ಬಟ್ಟಿನಾಕಿ!”

ಕರಿಯವ್ವ ತನ್ನ ಮನೆಯ ಕಟ್ಟೆಯ ಮೇಲೆ ಬೀಜದ ಶೇಂಗಾ ಸುಲಿಯುತ್ತಿದ್ದಳು. ವಯಸ್ಸು ನಲವತ್ತೈದರ ಆಚೀಚೆ. ಪೊಲೀಸರನ್ನೂ ಹಿಂದೆ ಬಂದ ಹೇಮಪ್ಪನನ್ನೂ ಕಂಡು ಎದ್ದು ನಿಂತಳು, ಸೆರಗು ಸರಿಪಡಿಸಿದಳು, ಅಂಜಲಿಲ್ಲ.

“ಪರವಾನಿಗಿ ನೀ ಒಯ್ದಿಯೇನು?”

“ಹೂಂನ್ರಿ.”

“ಎಲ್ಲೈತಿ?”

“ಕೊಡ್ತೀನ್ರಿ. ಮೊದಲ ಪಂಚರನ್ನ ಕರಸ್ರಿ. ಅವರ ಮುಂದ ಕೊಡಾಕಿ ನಾ.”

ಸಾಕ್ಷಿಗೆ ಊರಿನ ಇಬ್ಬರು ಪಂಚರು ಬಂದರು. ಅವಳು ಒಳಗಿನಿಂದ ಒಂದು ಪಾಟಿಚೀಲ ತಂದು, ಅದರಿಂದ ಕಾಗದ ತೆಗೆದುಕೊಟ್ಟಳು.

“ಪಂಚನಾಮಾದಾಗ ಇದರಾಗಿಂದೆಲ್ಲಾ ಬರೀರಿ. ನಾಕೂ ದಿಕ್ಕ ಬಿಡಬ್ಯಾಡ್ರಿ.”

ದತ್ತಾತ್ರಿಯವರು ಪರವಾನಿಗೆಯಲ್ಲಿದ್ದ ಅಂಗಡಿಯ ಚಕ್ಕುಬಂದಿ ಓದಿದರು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಬೀಳುಭೂಮಿ, ದಕ್ಷಿಣಕ್ಕೆ ಸುಣ್ಣದ ಭಟ್ಟಿ. ಎಲ್ಲವೂ ಊರ ಹೊರಗೆ, ಒಂದು ಮೈಲಿ ಆಚೆ. ಅಂಗಡಿ ನಡೆಯುತ್ತಿದ್ದುದು ಶಾಲೆಯ ಗೋಡೆಗೆ ಅಂಟಿ.

“ಇದನ್ನ ನಿನಗ ಯಾರ ಓದಿ ಹೇಳಿದ್ರು?”

“ಯಾರ ಯಾಕ್ರಿ? ನಾನ ಓದೀನಿ. ಶಾಲ್ಯಾಗ ಸಂಜೀಕ ಹೆಂಗಸರಿಗೆ ಅಕ್ಷರಾ ಕಲಸ್ತಾರಲ್ರಿ. ದಿನಾ ಕಸಾ ಹೊಡೀತಾ ಒಂದೊಂದ ಸಾಲು ಕೂಡಿಸಿ ಓದಿದೆ. ಅಂಗಡಿ ಶಾಲಿ ಗ್ವಾಡಿಗೈತಿ, ತೆಗಸ್ರಿ ಅಂತ ಅಬಕಾರಿಯವರಿಗೆ ಮೂರು ಅರ್ಜಿ ಹಾಕಿದೆ. ಪರವಾನಿಗಿ ನಕಲು ಹಚ್ಚಿಲ್ಲಂತ ಮೂರೂ ವಾಪಸ್ ಬಂದ್ವು. ನಕಲು ಕೊಡು ಅಂತ ಇಂವನ್ನ ಕೇಳಿದ್ರ, ‘ಮೊದಲ ಅ ಆ ತಿದ್ದು ಹೋಗ’ ಅಂತ ನಕ್ಕ. ಅದಕ್ಕ ಅಸಲೀನ ತಗೊಂಡೆ.”

ಹೇಮಪ್ಪನ ಮುಖ ಇಳಿಯಿತು. “ಹೋಗ್ಲಿ ಬಿಡ್ರಿ ಸಾಹೇಬ್ರ. ಕಾಗದ ಸಿಕ್ತಲ್ಲ, ಫಿರ್ಯಾದಿ ವಾಪಸ್ ತಗೋತೀನಿ. ಬಡ ಹೆಂಗಸು, ಪಾಪ.”

“ಏ, ನಿನ್ನ ಪಾಪ ನಿನ್ನ ಕಡೇನ ಇಟ್ಕೊ!” ಕರಿಯವ್ವ ತಿರುಗಿಬಿದ್ದಳು. “ಸಾಹೇಬ್ರ, ಕಳವು ಮಾಡೀನಿ, ನನ್ನ ಹಿಡೀರಿ. ಕೇಸ್ ಮುಚ್ಚಿದ್ರ ನಾಳೆ ಮತ್ತ ಒಯ್ತೀನಿ.”

ದತ್ತಾತ್ರಿಯವರು ಹೇಮಪ್ಪನನ್ನು ನೋಡಿ ಹೇಳಿದರು: “ಎಫ್.ಐ.ಆರ್. ಕೋರ್ಟಿಗೆ ಹೋಗೈತಿ. ನಿನ್ನ ಕೈಯಾಗೂ ಇಲ್ಲ, ನನ್ನ ಕೈಯಾಗೂ ಇಲ್ಲ. ಗೋಣೆಪ್ಪಾ, ಬರಿ. ಪೂರ್ವಕ್ಕ ಹಳ್ಳ...”

ಮೂರೂ ಹತ್ತಕ್ಕೆ ಕರಿಯವ್ವನ ದಸ್ತಗಿರಿಯಾಯಿತು. ಪಂಚನಾಮೆಯ ಪ್ರತಿ ಅಬಕಾರಿ ಇಲಾಖೆಗೂ ಹೋಯಿತು. ಅಂಗಡಿಗೆ ಅಂದೇ ಸೀಲು ಬಿತ್ತು.

ಠಾಣೆಯಲ್ಲಿ ಅವಳ ಹೇಳಿಕೆ ಬರೆದುಕೊಂಡರು. ಸಂಜೆಯ ವರ್ಗದಲ್ಲಿ ಹತ್ತೊಂಬತ್ತು ಹೆಂಗಸರಿದ್ದರು. ಕುಡಿದವರು ಕಿಟಕಿಗೆ ಬಂದು ನಿಂತು ಹಲ್ಲು ಕಿಸಿಯತೊಡಗಿದ ಮೇಲೆ ನಾಲ್ವರು ಉಳಿದರು. ನಾಲ್ವರಿಗಾಗಿ ವರ್ಗ ನಡೆಸಲಾಗದು, ತಿಂಗಳ ಕೊನೆಗೆ ಮುಚ್ಚುತ್ತೇವೆ ಎಂದು ಶಾಲೆಯವರು ಹೇಳಿದ್ದರು. ಅವಳಿಗೆ ಕೆಲವು ಒತ್ತಕ್ಷರ ಇನ್ನೂ ಬಾಕಿ ಇದ್ದವು.

ಗೋಣೆಪ್ಪ ವಾಡಿಕೆಯಂತೆ ಕೊನೆಗೆ ಒಂದು ಸಾಲು ಸೇರಿಸಿ, ರುಜು ಮಾಡಲು ಹಾಳೆ ಸರಿಸಿದ. ಕರಿಯವ್ವ ಬೆರಳಿಟ್ಟು ಓದುತ್ತ ಹೋಗಿ ಅಲ್ಲಿ ನಿಂತಳು.

“‘ತಪ್ಪಾಯಿತು’ ಅಂತ ನಾ ಎಲ್ಲಿ ಅಂದೀನೋ ಯಪ್ಪಾ? ಹೊಡದ ಹಾಕು.”

ದತ್ತಾತ್ರಿಯವರು ತಾವೇ ಪೆನ್ನು ತೆಗೆದುಕೊಂಡು ಆ ಸಾಲಿಗೆ ಗೀಟು ಎಳೆದರು.